ಸೆಮೆರ್ ಮಹಾರಾಜನ ಹಲ್ಲು

ಸೆಮೆರ್ ಎಂಬ ರಾಜ ಇರಲೇ ಇಲ್ಲವಂತೆ ಎಂಬ ಸುದ್ದಿ ಖಲ್ಲಾಫನ ಕಿವಿಗೆ ಬಿದ್ದದ್ದು ಬೆಳಗಿನ ಚಹಾದ ಹೊತ್ತಿಗೆ. ಆ ರಾಜನ ಮಣ್ಣಿಟ್ಟಿಗೆಯ ಗೋರಿಗೆ ಅವನು ಇಪ್ಪತ್ತಾರು ವರ್ಷದಿಂದ ಕಾವಲುಗಾರ. ಸುದ್ದಿ ತಂದವನು ಪಕ್ಕದ ಹೋರ್ಕಾ ರಾಜನ ಗೋರಿ ಕಾಯುವ ದಾಯಾದಿ ತಮ್ಮಾಮ್.

“ನಿನ್ನ ರಾಜನ ಸಾಕ್ಷಿ ಅಂದ್ರೆ ಒಂದು ಒಡಕು ಮುದ್ರೆ, ಅದರಲ್ಲಿ ಬರೀ ಹೆಸರು. ಅವನೂ ನನ್ನ ಹೋರ್ಕಾನೂ ಒಬ್ಬನೇ ಅಂತೆ ಕಣೋ. ಕೈರೋದಿಂದ ಪುರಾತತ್ವ ಇಲಾಖೆಯ ಡಾಕ್ಟರಮ್ಮ ಇವತ್ತೇ ಬಂದು ತೀರ್ಮಾನ ಮಾಡ್ತಾರೆ. ಒಬ್ಬ ರಾಜನಿಗೆ ಇಬ್ಬರು ಕಾವಲುಗಾರರು ಯಾಕೆ? ನಿನಗೆ ಎತ್ತಂಗಡಿ ಗ್ಯಾರಂಟಿ!”

ಖಲ್ಲಾಫ್ ಚಹಾ ಲೋಟ ಕೆಳಗಿಟ್ಟ. ಗೋರಿ ಗುಡಿಸಿ, “ಸಲಾಂ, ಪ್ರಭುವೇ” ಎನ್ನದೆ ಅವನು ಒಂದು ದಿನವೂ ರೊಟ್ಟಿ ಮುಟ್ಟಿದವನಲ್ಲ. ಇಲ್ಲದವನಿಗೆ ಇಷ್ಟು ವರ್ಷ ಸಲಾಂ ಹೊಡೆದೆನೆ?

“ಮಂಕಾಗಿ ಕೂತ್ಕೊಂಡ್ರೆ ಆಯ್ತಾ? ಆ ಹಲ್ಲು ತೋರಿಸು!” ಎಂದಳು ಗೋಡೆಯಾಚೆಯಿಂದ ಪಕ್ಕದ ಮನೆಯ ಉಮ್ಮ್ ಹಿಂದಾವಿ.

ಗೋರಿಯ ಮೂಲೆಯಲ್ಲಿ ಹಿಂದೊಮ್ಮೆ ಸಿಕ್ಕಿದ್ದ, ಹೆಬ್ಬೆರಳಿಗಿಂತ ಉದ್ದದ ರಾಜನ ಹಲ್ಲು ಅದು. ಇಲಾಖೆಗೆ ಹೇಳದೆ ಚಹಾ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದ. ಊರಿನ ಹಲ್ಲುನೋವಿಗೆಲ್ಲ ಅದೇ ಮದ್ದು. ಈಗ ನೋಡಿದರೆ ಡಬ್ಬಿಯೇ ಇಲ್ಲ! ಕೊನೆಯ ಸಲ ಎರವಲು ಒಯ್ದಿದ್ದ ಕ್ಷೌರಿಕನ ಬಳಿ ಓಡಿದ. ಅವನು ಅತ್ತೆಗೆ ಕೊಟ್ಟಿದ್ದ, ಅತ್ತೆ ತಮ್ಮಾಮನ ಹೆಂಡತಿಗೆ. ಅವಳ ದಿಂಬಿನಡಿಯಿಂದ ಉಮ್ಮ್ ಹಿಂದಾವಿಯೇ ಜಗಳವಾಡಿ ಕಿತ್ತು ತಂದಳು. ಈ ಓಡಾಟದಲ್ಲಿ ಖಲ್ಲಾಫನ ನಿಲುವಂಗಿ ಮೊಳೆಗೆ ಸಿಕ್ಕಿ ಮಂಡಿಯವರೆಗೆ ಹರಿಯಿತು.

ಗೋರಿಯ ಬಳಿ ಬಂದಿಳಿದಿದ್ದ ಡಾಕ್ಟರಮ್ಮನ ಸುತ್ತ ಅರ್ಧ ಊರೇ ನೆರೆದಿತ್ತು. ಖಲ್ಲಾಫ್ ಹಲ್ಲನ್ನು ಅವರ ಕೈಗಿಟ್ಟ.

“ತಪ್ಪಾಯ್ತು ಡಾಕ್ಟರಮ್ಮ, ಬಚ್ಚಿಟ್ಟಿದ್ದೆ. ಹೋರ್ಕಾ ಕುಳ್ಳ ಅಂತ ನೀವೇ ಮೂಳೆ ಅಳೆದು ಹೇಳಿದ್ರಿ. ಇಂಥ ಹಲ್ಲಿದ್ದ ನನ್ನ ರಾಜ ಎಂಥ ಆಳಿರಬೇಕು ನೋಡಿ!”

ಡಾಕ್ಟರಮ್ಮ ಹಲ್ಲನ್ನು ತಿರುಗಿಸಿ ನೋಡಿದರು. “ಖಲ್ಲಾಫ್ ಮಾವ, ಇದು ಕತ್ತೆ ಹಲ್ಲು.”

ಜನ ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಆ ಮೂಲೆಯನ್ನೇ ಅಗೆಸಿದರು. ಮಧ್ಯಾಹ್ನದ ಹೊತ್ತಿಗೆ ಜೀರ್ಣವಾದ ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದ ಹತ್ತು ಕತ್ತೆಗಳ ಅಸ್ಥಿಪಂಜರ ಕಂಡಿತು.

ಖಲ್ಲಾಫನಿಗೆ ಆವೇಶ ಬಂತು. “ನಗಬೇಡ್ರೋ! ಕತ್ತೆಗಳಿಗೇ ಇಂಥ ಮನೆ ಕಟ್ಟಿಸಿದವನು ಎಂಥ ದೊರೆ! ಇಲ್ಲದ ರಾಜನಿಗೆ ಕತ್ತೆಗಳಿರ್ತಾವಾ?”

ನಗು ನಿಂತಿತು. ತಮ್ಮಾಮ್ ಕೂಡ ತಲೆದೂಗಿದ. ಅಷ್ಟರಲ್ಲಿ ಡಾಕ್ಟರಮ್ಮ ಮಣ್ಣಿನಿಂದ ಒಂದು ಇಡೀ ಮುದ್ರೆಯನ್ನು ಎತ್ತಿದರು.

“ಹೆಸರಿದೆ. ಸೆಮೆರ್!”

“ನಾನು ಹೇಳಲಿಲ್ವಾ!” ಖಲ್ಲಾಫ್ ಕುಣಿದೇಬಿಟ್ಟ.

“ಪೂರ್ತಿ ಕೇಳು ಮಾವ. ‘ಸೆಮೆರ್, ದೊರೆ ಹೋರ್ಕಾನ ಕತ್ತೆಗಳ ಕಾವಲುಗಾರ.’ ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಇಲ್ಲೇ ಇರ್ತೀಯ. ಹೋರ್ಕಾನ ಗೋರಿಯ ಲೆಕ್ಕದಲ್ಲಿ, ತಮ್ಮಾಮನ ಕೈಕೆಳಗೆ.”

ಸಂಜೆ ಎಲ್ಲರೂ ಹೋದ ಮೇಲೆ ಖಲ್ಲಾಫ್ ಪೊರಕೆ ಹಿಡಿದು ಕತ್ತೆಗಳ ಸುತ್ತ ನಾಜೂಕಾಗಿ ಗುಡಿಸಿದ. ಐದು ಸಾವಿರ ವರ್ಷವಾದರೂ ಒಂದೂ ಕಳೆದಿರಲಿಲ್ಲ. ಎಂಥ ಕಾವಲು ಸೆಮೆರನದು!

“ಸಲಾಂ, ಅಣ್ಣಾ,” ಎಂದ. “ನೀನಿನ್ನು ಮಲಗು. ಇವನ್ನ ನಾನು ನೋಡ್ಕೋತೀನಿ.”