ಕಾಕಾನ ಕುತ್ತಿಗೆಯ ನೆಟಿಗೆ

ತಲೆ ಕೆಟ್ಟವರು ತಲೆಯನ್ನು ತೋರಿಸಲು ಹೋಗುತ್ತಾರೆ. ನಮ್ಮ ಕಾಕಾ ಕುತ್ತಿಗೆಯನ್ನು ತೋರಿಸಲು ಹೋಗುತ್ತಾನೆ! ಚಿಕ್ಕೇರೂರಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಈ ಮನುಷ್ಯ ಪ್ರತಿ ಸಂತೆಯ ದಿನ ಹಿರೇಕೆರೂರಿನ ಬಸ್ಸು ಹತ್ತುತ್ತಾನೆ. ಬೀಜದಂಗಡಿಯ ಮೇಲಿನ ಖೋಲಿಯಲ್ಲಿ ಕುತ್ತಿಗೆ ತಿರುವಿಸಿಕೊಂಡು, ಬದನೆಕಾಯಿ ಹಿಡಿದು ವಾಪಸಾಗುತ್ತಾನೆ. ಆ ಖೋಲಿಯ ಬಾಗಿಲಿಗೆ ‘ಕೈರೋಪ್ರಾಕ್ಟಿಕ್’ ಎಂಬ ಬೋರ್ಡು.

“ಹಂಗಂದ್ರೇನು ಕಾಕಾ?” ಎಂದು ಕೇಳಿದೆ.

“ಅಷ್ಟೂ ತಿಳಿಯಂಗಿಲ್ಲೇನ ತಂಗಿ? ಕೈಯಿಂದ ಮಾಡ್ತಾರ, ಅದಕ್ಕ ಕೈರೋಪ್ರಾಕ್ಟಿಕ್. ಕಾಲಿಂದ ಮಾಡಿದ್ರ ಕಾಲ್‌ರೋಪ್ರಾಕ್ಟಿಕ್!”

ಕುತ್ತಿಗೆಯ ಮಣಿಗಳು ಸಾಲಾಗಿ ಕುಳಿತರೆ ಲಕ್ಷ್ಯ ಕೂಡುತ್ತದೆ, ನೆನಪು ಚುರುಕಾಗುತ್ತದೆ ಎಂದು ಅಲ್ಲಿಯವರು ಹೇಳಿದ್ದರಂತೆ. ಸಂಶಯ ನನ್ನ ಹುಟ್ಟುಗುಣ. ಹಾಲಿನವನು ಸ್ವಲ್ಪ ಹೆಚ್ಚು ನಕ್ಕರೂ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. ಹೆಂಡತಿ ಕೇಳಿದರೂ ಬೇವಿನಕಡ್ಡಿ ಬಿಟ್ಟು ಬ್ರಶ್ಶು ಹಿಡಿಯದ ಕಾಕಾ, ಗುರುತಿಲ್ಲದವನ ಕೈಗೆ ಕುತ್ತಿಗೆ ಕೊಡುವುದೆಂದರೇನು? ಪತ್ತೆ ಹಚ್ಚಲು ಒಂದು ಸಂತೆಯ ದಿನ ನಾನೂ ಬೆನ್ನು ಹತ್ತಿದೆ.

ಗೋಡೆಗೆ ಪ್ಲಾಸ್ಟಿಕ್ಕಿನ ಬೆನ್ನೆಲುಬು ತೂಗುಬಿದ್ದಿತ್ತು. ಬಿಳಿ ಅಂಗಿಯವನು ಕಾಕಾನ ಗದ್ದ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಲಟಕ್! ನನ್ನ ಜೀವವೇ ಬಾಯಿಗೆ ಬಂತು.

“ಕೇಳಿದಿ? ಬುದ್ಧಿ ತನ್ನ ಜಾಗದಾಗ ಕುಂತ ಸಪ್ಪಳ ಅದು!” ಕಾಕಾ ಹಿಗ್ಗಿದ.

“ಕುಂತದ್ದೋ, ಎದ್ದು ಹೋದದ್ದೋ, ಯಾರಿಗೆ ಗೊತ್ತು?” ಎಂದೆ.

ಪರೀಕ್ಷೆ ವಾಪಸು ಬರುವ ಬಸ್ಸಿನಲ್ಲೇ ಶುರುವಾಯಿತು. ಹತ್ತೊಂಬತ್ತರ ಮಗ್ಗಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಒಂದೂ ತಪ್ಪದಂತೆ ಒಪ್ಪಿಸಿದ. ಕಂಡಕ್ಟರನೇ ಟಿಕೆಟ್ಟು ಹರಿಯುವುದನ್ನು ಬಿಟ್ಟು ನಿಂತ. ಕಾಕಾನ ಲಕ್ಷ್ಯ ಎಷ್ಟು ಗಟ್ಟಿಯಾಗಿತ್ತೆಂದರೆ, ಚಿಕ್ಕೇರೂರು ಬಂದು ಹೋದದ್ದು ನಮಗಿಬ್ಬರಿಗೂ ತಿಳಿಯಲಿಲ್ಲ! ಇಳಿದು ನೋಡಿದರೆ ತಿಳವಳ್ಳಿ. ಕಾಕಾನ ಕಾಲಲ್ಲಿ ಒಂದು ಚಪ್ಪಲಿ ಕಂದು, ಇನ್ನೊಂದು ಕಪ್ಪು.

“ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಬಂದೀಯಲ್ಲ ಕಾಕಾ!”

“ಒಂದ ತಾನ ಬದಲಾಗೇತಿ? ಐವತ್ತು ಪರ್ಸೆಂಟ್. ಫಸ್ಟ್ ಕ್ಲಾಸ್ ಅಲ್ಲದಿದ್ರೂ ಪಾಸು!”

ಅವನ ಹೆಂಡತಿ, ನಮ್ಮ ಚಿಗವ್ವ, ಇದನ್ನೆಲ್ಲ ಕೇಳಿ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಆ ಸುಮ್ಮನಿರುವಿಕೆಯ ಮೇಲೂ ನನಗೆ ಸಂಶಯವೇ. ಗಂಡ ಇನ್ನೊಬ್ಬರ ಚಪ್ಪಲಿಯಲ್ಲಿ ಬಂದರೂ ಬೈಯದ ಹೆಂಡತಿ ನಮ್ಮ ಸೀಮೆಯಲ್ಲಿ ಇದ್ದಾಳೆಯೇ?

ಹೋದ ತಿಂಗಳು ಅವರ ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಎತ್ತಿ ಮುಗಿದ ಮೇಲೆ ಹೆಂಗಸರು ಊಟದ ಪಂಕ್ತಿಗೆ ಅಡ್ಡ ನಿಂತರು. ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳದೆ ಯಾವ ಗಂಡಸಿಗೂ ಹೋಳಿಗೆ ಇಲ್ಲ! ವರ್ಷವಿಡೀ “ಏ ಇವಳ” ಎಂದು ಕರೆಯುವ ಗಂಡಸರು ಸಿಕ್ಕಿಬೀಳುವುದು ಇಲ್ಲಿಯೇ.

“ಮಾಸ್ತರ, ಹೆಸರು ಹೇಳಿ ಒಳಗ ಬರ್ರಿ!”

ಕಾಕಾ ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಸವಣೂರ ಎಲಿಗೆ ಸುಣ್ಣ ಚಂದ, ಬಿಸಿ ರೊಟ್ಟಿಗೆ ಬೆಣ್ಣಿ ಚಂದ, ನಮ್ಮ ಮನಿಗೆ…”

ನಿಂತ. ಕುತ್ತಿಗೆಯನ್ನು ಎಡಕ್ಕೆ ತಿರುವಿದ. ಬಲಕ್ಕೆ ತಿರುವಿದ.

“ಅಯ್ಯ, ಮಾಸ್ತರಿಗೆ ನಾಚಿಕಿ ಬಂತವಾ!” ಪಡಸಾಲೆ ತುಂಬ ನಗೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಚಿಗವ್ವ ಮಾತ್ರ ನಗಲಿಲ್ಲ. “ಅವರಿಗೆ ಮೊದಲಿಂದಾನೂ ಸಂಕೋಚ, ಬಿಡ್ರಿ” ಎಂದು ತಾನೇ ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದಳು.

ಊಟವಾದ ಮೇಲೆ ಕೈಗೆ ನೀರು ಹಾಕುವಾಗ ಕಾಕಾ ಮೆಲ್ಲಗೆ ಹೇಳಿದ.

“ನಾಚಿಕಿ ಅಲ್ಲ ತಂಗಿ. ಹೆಸರು ಬರಲಿಲ್ಲ. ಮಗ್ಗಿ ಬರತೈತಿ, ಸಾಲ್ಯಾಗಿನ ಹುಡುಗರ ಹೆಸರು ಬರತಾವ. ಆಕೀದ ಒಂದ ಆಗಾಗ ಸಿಗವಲ್ದು. ಅದಕ್ಕ ಹಿರೇಕೆರೂರಿಗೆ ಹೋಗಾಕತ್ತೇನಿ. ಆಕೀಗಿ ಹೇಳಬ್ಯಾಡ.”

ಇಡೀ ಊರನ್ನೇ ಸಂಶಯದಿಂದ ನೋಡುವ ನನಗೆ ಇದೊಂದು ಕಾಣಲಿಲ್ಲವಲ್ಲ! ನಕ್ಕದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. “ಬೀಜದಂಗಡಿ ಮ್ಯಾಲಿಂದು ಸಾಕು ಕಾಕಾ, ಹಾವೇರಿಗೆ ಹೋಗಿ ಖರೇ ಡಾಕ್ಟರಿಗೆ ತೋರಸೂಣು” ಎಂದೆ. ಹೂಂ ಎಂದು ಕಾಕಾ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿಯ ಸಪ್ಪಳದ ಜೊತೆ ಚಿಗವ್ವನ ದನಿ ಅಂಗಳದವರೆಗೂ ಕೇಳುತ್ತಿತ್ತು. “ಸವಣೂರ ಎಲಿಗೆ ಸುಣ್ಣ ಚಂದ, ಬಿಸಿ ರೊಟ್ಟಿಗೆ ಬೆಣ್ಣಿ ಚಂದ, ನಮ್ಮ ಮನಿಗೆ ಗಿರಿಜವ್ವ ಚಂದ!”

“ಇದೇನ ಚಿಗವ್ವಾ, ನಿನ್ನ ಹೆಸರಿಗೆ ನೀನ ಒಡಪು?”

“ಮೂರು ತಿಂಗಳಾತು ಹೇಳಾಕತ್ತಿ. ನಿನಗ ಈಗ ಕೇಳಿಸ್ತೇನ?” ಎಂದಳು, ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ.

ಅಂಗಳದಲ್ಲಿ ಬೇವಿನಕಡ್ಡಿ ಹಿಡಿದು ಕುಳಿತಿದ್ದ ಕಾಕಾ ಒಳಗಿನತ್ತ ಕುತ್ತಿಗೆ ಹೊರಳಿಸಿದ.

“ಇನ್ನೊಂದ ಸಲ ಹೇಳ,” ಎಂದ.

ಚಿಗವ್ವ ಮತ್ತೆ ಮೊದಲಿನಿಂದ ಹೇಳಿದಳು.