ಕಲ್ಲಿನಲ್ಲಿ ನನ್ನ ಪಾಲು

ಒಂಟಿ ಮನುಷ್ಯನ ಮನೆಗೆ ನೆಂಟರು ಬರುವುದು ಕಡಿಮೆ. ಫಜೀತಿಗಳು ಮಾತ್ರ ವಿಳಾಸ ಕೇಳಿಕೊಂಡು ಬರುತ್ತವೆ.

ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸಂಜೆ ಮನೆಗೆ ಬಂದರೆ ಬೆಳಿಗ್ಗೆ ಇಟ್ಟ ಚಹಾದ ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಅದನ್ನು ಸರಿಸುವವರೂ ಇಲ್ಲವಲ್ಲ ಎಂದು ಆ ಕಪ್ಪಿನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅದು ಎಂಬತ್ತರ ದಶಕ. ನಮ್ಮೂರಿನ ಕೆಂಪು ಕಲ್ಲಿಗೆ ಪರದೇಶದಲ್ಲಿ ಬೆಲೆ ಬಂದಿತ್ತು. ಆಗ ಒಂದು ಕಂಪನಿ ಹುಟ್ಟಿತು. ಅದಕ್ಕೆ ಸ್ವಂತ ಕ್ವಾರಿ ಇರಲಿಲ್ಲ, ಅದು ಕಲ್ಲನ್ನೂ ಒಡೆಯುತ್ತಿರಲಿಲ್ಲ. ಕ್ವಾರಿ ಮಾಲೀಕರಿಗೆ ಕ್ರೇನು, ಕಂಪ್ರೆಸರಿಗೆಂದು ರೊಕ್ಕ ಕೊಡುವುದು, ಅವರು ನೆಲದಿಂದ ಎಬ್ಬಿಸಿದ ಪ್ರತಿ ಕಲ್ಲಿನ ಮೇಲೂ ರಾಯಲ್ಟಿ ಎಂದು ಒಂದು ಪಾಲು ತೆಗೆದುಕೊಳ್ಳುವುದು, ಇಷ್ಟೇ ಅದರ ಉದ್ಯೋಗ. ಕಲ್ಲು ಎದ್ದರೆ ಲಾಭ, ಏಳದಿದ್ದರೆ ರಾಮ ರಾಮ.

ಅದರ ಶೇರುಗಳನ್ನು ನಮ್ಮ ಓಣಿಯಲ್ಲಿ ಮೊದಲು ತೆಗೆದುಕೊಂಡವನು ನಾನು. ಜಾಣತನದಿಂದ ಅಲ್ಲ. ಕಂಪನಿಯ ಏಜೆಂಟ ಬಂದು ಕತ್ತಲಾಗುವ ತನಕ ಕುಳಿತು ಮಾತಾಡಿದ್ದ. ಅಷ್ಟು ಹೊತ್ತು ನನ್ನ ಜೊತೆ ಮಾತಾಡಿದವನಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಊರಿನವರು ಮಾತ್ರ ಮಾಸ್ತರಿಗೆ ಶೇರಿನ ವಿದ್ಯೆ ಗೊತ್ತು ಅಂದುಕೊಂಡರು. "ತಗೋಬಹುದೇನ್ರಿ? ಮುಳಗೂದಿಲ್ಲಲ್ರಿ?" ಎಂದು ಸಂಜೆಹೊತ್ತು ನನ್ನ ಕಟ್ಟೆಗೆ ಬರತೊಡಗಿದರು. ನನಗೆ ಲಾಭಕ್ಕಿಂತ ಅದೇ ದೊಡ್ಡದಾಯಿತು.

ಕಣ ಕಾಯುವವರು

ಮೊದಲು ಬಂದವರು ಗುಡೂರಿನ ಒಬ್ಬ ಹಿರಿಯ ರೈತರು. ಕಂಪನಿಯ ವ್ಯವಹಾರ ವಿವರಿಸಲು ನಾನು ಹಲಗೆ, ಸೀಮೆಸುಣ್ಣ ತಂದಿಟ್ಟುಕೊಂಡೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಅಷ್ಟ್ಯಾಕ ತ್ರಾಸ ತಗೋತೀರಿ ಮಾಸ್ತರ? ಹೊಲ ಪಾಲಿಗೆ ಹಾಕಿದಂಗ ಇದು. ಮಾಡಾಂವ ಅವ, ಪಾಲು ನಮಗ. ಹೌದಲ್ರಿ?"

ಹೌದೆಂದೆ. ಇಷ್ಟು ಸಲೀಸಾಗಿ ಏಜೆಂಟನೂ ಹೇಳಿರಲಿಲ್ಲ. ಅವರು ಏಜೆಂಟನ ಕಡೆಯಿಂದ ಶೇರು ತೆಗೆದುಕೊಂಡರು.

ಸ್ವಲ್ಪ ದಿನದಲ್ಲೇ, ಕಂಪನಿ ರೊಕ್ಕ ಕೊಟ್ಟಿದ್ದ ಒಂದು ಕ್ವಾರಿಯ ವಾಚಮನ್ ಓಡುತ್ತ ಬಂದ. "ನಿಮ್ಮ ಕಡಿಯವರೊಬ್ಬರು ಕಂಬಳಿ ಹಾಸಿ ಕುಂತಾರ್ರಿ. ಬುತ್ತಿನೂ ತಂದಾರ. ಏಳ್ರಿ ಅಂದ್ರ ಏಳವಲ್ರು."

ಹೋಗಿ ನೋಡಿದರೆ ನಮ್ಮ ರೈತರು ಎಬ್ಬಿಸಿಟ್ಟ ಕಲ್ಲುಗಳ ನಡುವೆ ಕುಳಿತಿದ್ದರು. "ಇಲ್ಲಿ ಯಾಕ ಕುಂತೀರಿ?" ಎಂದು ಕೇಳಿದೆ.

"ಪಾಲಿನ ಹೊಲದ ರಾಶಿ ಆಗೂ ಮುಂದ ಮಾಲಕ ಕಣದಾಗ ಇರಬೇಕಲ್ರಿ? ಇಲ್ಲಂದ್ರ ಅರ್ಧಾ ಚೀಲ ಆಚಿ ದಾರೀಲೇ ಹೋಗ್ತಾವು."

ಎಬ್ಬಿಸಿದ ಕಲ್ಲು ಲೆಕ್ಕಕ್ಕೆ ಸಿಗದೆ ಹೋಗುವುದು, ಕಂಪನಿಗೆ ಇರುವ ದೊಡ್ಡ ಅಪಾಯವೇ ಅದು. ಆದರೆ ಅದಕ್ಕೆ ಕಂಬಳಿ ಹಾಸಿದ ಶೇರುದಾರರು ಇವರೊಬ್ಬರೇ ಇರಬೇಕು. ಕಲ್ಲು ಒಡೆಯುವವರು ಅವರಿಗೆ ಚಹಾ ಕೊಡುತ್ತಿದ್ದರು, ಅವರು ಖಾರಬ್ಯಾಳಿ, ರೊಟ್ಟಿ ಹಂಚುತ್ತಿದ್ದರು, ನಡುನಡುವೆ ನಗೆ. ನಾನೂ ಒಂದು ಕಂಬಳಿ ತರಬೇಕಿತ್ತು ಅನ್ನಿಸಿತು. ಕೆಲವು ದಿನಗಳಾದ ಮೇಲೆ ಅವರೇ ಎದ್ದು ಬಂದರು.

"ಯಾಕ್ರಿ, ರಾಶಿ ಆತೇನು?" ಎಂದು ಕೇಳಿದೆ.

"ಎಲ್ಲಿ ರಾಶಿ ಹಚ್ಚೀರಿ! ಜ್ವಾಳಾದ್ರ ಇಂಥಾ ತಿಂಗಳಾ ಬರ್ತೇನಿ ಅಂತ ಹೇಳ್ತದ. ಈ ಕಲ್ಲಿಗೆ ಹಂಗಾಮ ಇಲ್ಲ, ನನಗ ಬುತ್ತಿ ಕಟ್ಟಿ ಕಟ್ಟಿ ನಮ್ಮಾಕಿ ಗುಡೂರ ಬಿಟ್ಟು ತವರಿಗೆ ಹೋಗ್ತೇನಿ ಅನ್ನಾಕ ಹತ್ಯಾಳ."

ಮೊದಲು ಸೆರಗು

ಎರಡನೆಯವರು ನಮ್ಮೂರಿನ ಒಬ್ಬ ಸೀರೆ ವ್ಯಾಪಾರಿ. ಅವರೂ ಶೇರು ತೆಗೆದುಕೊಂಡಿದ್ದರು. ಒಂದು ಸಂಜೆ ಕಂಪನಿಯ ವಾರ್ಷಿಕ ವರದಿಯನ್ನು ತಂದು ನನ್ನೆದುರೇ ಕೊನೆಯ ಪುಟದಿಂದ ತೆರೆದರು. ಮುಂದಿನಿಂದ ಓದಬೇಕಲ್ಲವೇ ಎಂದೆ.

"ಸೀರಿ ತಗೊಳ್ಳೂ ಮುಂದ ನಾವು ಮೊದಲ ಸೆರಗ ನೋಡ್ತೇವಿ. ಇಲ್ಲಿ ನೋಡ್ರಿ. ಮುಂದ ಅಧ್ಯಕ್ಷರ ಮಾತು ದಪ್ಪ ದಪ್ಪ ಅಕ್ಷರದಾಗ. ಹಿಂದ ಲೆಕ್ಕ ನೋಡಿದವ್ರ ಮಾತು ಇರುವಿ ಸಾಲಿನಂಗ. ಕ್ವಾರಿಯವರು ರಾಯಲ್ಟಿ ಬಾಕಿ ಇಟ್ಟಾರ ಅಂತ ಬರದಾರ. ಸೆರಗಿನಾಗ ಇಷ್ಟು ಕಂಜೂಸಿ ಮಾಡಿದ ಮಾಲು ಒಗದ ಮ್ಯಾಲೆ ಏನು ಉಳೀತದ? ಮಾರಿಬಿಡ್ರಿ."

ಅವರ ಮಾತು ಸರಿಯಾಗಿಯೇ ಇತ್ತು. ಆದರೂ ನಾನು ಮಾರಲಿಲ್ಲ. ಶೇರು ಮಾರಿದವರು ನನ್ನ ಕಟ್ಟೆಗೆ ಬರುವುದನ್ನೂ ಬಿಟ್ಟಿದ್ದರು. ನಾನೇ ಮಾರಿಬಿಟ್ಟರೆ ಕಟ್ಟೆಯ ಮೇಲೆ ಕೂರುವುದಕ್ಕೆ ನನಗಾದರೂ ಏನು ನೆಪ?

ಮುಂದೆ ತಿಳಿದದ್ದೆಂದರೆ, ಈ ವ್ಯಾಪಾರಿ ತಮ್ಮ ಶೇರುಗಳನ್ನೆಲ್ಲ ನಮ್ಮೂರಿನ ಡಾಕ್ಟರಿಗೆ ಮಾರಿದ್ದರು. ಅಂಗಡಿಗೇ ಹೋಗಿ ಕೇಳಿದೆ, "ಬ್ಯಾಡಂತ ನೀವ ಅಂದ್ರಿ, ಡಾಕ್ಟರಿಗೆ ಹೆಂಗ ಮಾರಿದ್ರಿ?"

ಅವರು ಒಂದು ಸೀರೆ ಮಡಚುತ್ತ ಹೇಳಿದರು, "ನನಗ ಬ್ಯಾಡಾದ ಸೀರಿ ಯಾರಿಗೂ ಬ್ಯಾಡ ಅಂದ್ರ, ಮಾಸ್ತರ, ಅಂಗಡಿ ಹೆಂಗ ನಡೀಬೇಕ್ರಿ?"

ಪೋಸ್ಟಮನ್ನನ ಸಲಹೆ

ಬರಬರುತ್ತ ಕಟ್ಟೆ ಖಾಲಿಯಾಯಿತು. ಉಳಿದವನು ಪೋಸ್ಟಮನ್ ಒಬ್ಬನೇ. ನನಗೆ ಬೇರೆ ಯಾರೂ ಪತ್ರ ಬರೆಯುತ್ತಿರಲಿಲ್ಲ, ಕಂಪನಿ ಬರೆಯುತ್ತಿತ್ತು. "ಪ್ರಿಯ ಶೇರುದಾರರೇ" ಎಂದು ಶುರುವಾಗುತ್ತಿತ್ತು. ಲಾಭ ಇಳಿದಿದೆ, ಮಾಲೀಕರು ಕಲ್ಲು ಎಬ್ಬಿಸುತ್ತಿಲ್ಲ ಎಂಬ ಕೆಟ್ಟ ಸುದ್ದಿಯೇ ಒಳಗಿದ್ದರೂ, ಆ 'ಪ್ರಿಯ' ಎಂಬ ಮಾತನ್ನು ನಾನು ಎರಡು ಸಲ ಓದುತ್ತಿದ್ದೆ. ಪೋಸ್ಟಮನ್ನನಿಗೆ ನೀರು, ಬೆಲ್ಲ ಕೊಟ್ಟು ಕೂರಿಸಿಕೊಳ್ಳುತ್ತಿದ್ದೆ.

ಅವನಿಗೂ ಕಂಪನಿಯ ಹಣೆಬರಹ ಗೊತ್ತಿತ್ತು. "ಮಾಸ್ತರ, ಇನ್ನೂ ಯಾಕ ಇಟ್ಕೊಂಡೀರಿ? ಬಂದಷ್ಟಕ್ಕ ಕೊಟ್ಟು ಕೈ ತೊಳಕೋರಿ" ಎಂದ.

"ಕೊಟ್ಟರ ನೀ ನಮ್ಮನಿಗೆ ಯಾಕ ಬರ್ತೀಯೋ?" ಎಂದೆ. ನಗಿಸಲು ಹೇಳಿದ್ದು. ಹೇಳಿದ ಮೇಲೆ ಇನ್ನೊಂದು ಚೂರು ಬೆಲ್ಲ ಅವನ ಮುಂದಿಟ್ಟೆ.

ಅವನು ಬೆಲ್ಲ ಅಗಿದು ನುಂಗಿದ. ಆಮೇಲೆ ಬಹಳ ಗಂಭೀರವಾಗಿ ಹೇಳಿದ, "ಹಂಗಿದ್ರ ಒಂದಾ ಕಂಪನಿ ಸಾಲೂದಿಲ್ರಿ. ಇನ್ನೊಂದು ನಾಕು ಮುಳಗೂವಂಥಾವು ನೋಡಿ ತಗೋರಿ. ಮುಳಗೂವ ಭಾಳ ಪತ್ರಾ ಬರೀತಾವು."

ಐದನೆಯವನು

ಕಡೆಗೆ ಬಾಗಲಕೋಟೆಯಲ್ಲಿ ಸಭೆಯೆಂದು ಪತ್ರ ಬಂತು. ವಿಷಯ, ಕಂಪನಿಯನ್ನು ಮುಚ್ಚುವುದು. ಬೇಡ ಎನ್ನಬೇಕೆಂದೇ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೂ ಭಾಷಣ ಕಲಿತೆ.

ಸಭೆ ಒಂದು ಲಾಡ್ಜಿನ ಮಹಡಿಯ ಮೇಲೆ. ಕುರ್ಚಿಗಳು ಸಾಲು ಸಾಲು, ಕುಳಿತವರು ನಾಲ್ಕೇ ಮಂದಿ: ಅಧ್ಯಕ್ಷರು, ಅವರ ಹೆಂಡತಿ, ಅವರ ಅಳಿಯ, ಲೆಕ್ಕದವರು. ನನ್ನನ್ನು ಕಂಡದ್ದೇ ಅಧ್ಯಕ್ಷರು ಎದ್ದು ಬಂದು ನನ್ನೆರಡೂ ಕೈ ಹಿಡಿದುಕೊಂಡರು. "ಬರ್ರಿ ಬರ್ರಿ, ನಿಮ್ಮದ ದಾರಿ ಕಾಯಾಕ ಹತ್ತಿದ್ವಿ!" ನನ್ನ ಮದುವೆಯ ದಿನದ ನಂತರ ನನ್ನನ್ನು ಕಂಡು ಯಾರೂ ಇಷ್ಟು ಖುಷಿಪಟ್ಟಿರಲಿಲ್ಲ. ಉಪ್ಪಿಟ್ಟು ಬಂತು, ಶಿರಾ ಬಂತು. ಎರಡನೆಯ ಸಲ ಶಿರಾ ಬಡಿಸುವಾಗ ಅಳಿಯನೇ ಗುಟ್ಟು ಬಿಟ್ಟ: ಸಭೆ ನಡೆಯಲು ಐದು ಮಂದಿ ಬೇಕಂತೆ, ಐದನೆಯವನು ನಾನು.

ನಾನು ತಟ್ಟೆ ಕೆಳಗಿಟ್ಟು ಎದ್ದೆ. "ಹಂಗಾದ್ರ ನಾ ಹೊಂಟೆ. ನಾ ಇಲ್ಲಂದ್ರ ಮುಚ್ಚಾಕ ಬರೂದಿಲ್ಲಲ್ರಿ?"

ಅಧ್ಯಕ್ಷರು ಬಾಗಿಲಿಗೆ ಅಡ್ಡ ನಿಂತರು. "ಮಾಸ್ತರ, ಕಲ್ಲು ಏಳವಲ್ದು, ರಾಯಲ್ಟಿ ಬರವಲ್ದು. ಇದನ್ನಿಟ್ಟುಕೊಂಡು ನಿಮಗೇನು ಲಾಭ?"

ಬಸ್ಸಿನಲ್ಲಿ ಕಲಿತ ಭಾಷಣವೆಲ್ಲ ಮರೆತುಹೋಯಿತು. "ಮುಚ್ಚಿದ್ರ ನನಗ ಪತ್ರಾ ಯಾರು ಬರೀತಾರ್ರಿ? ಸಭಾಕ್ಕ ಯಾರು ಕರೀತಾರ?" ಎಂದುಬಿಟ್ಟೆ. ಅಧ್ಯಕ್ಷರ ಹೆಂಡತಿ ಸೆರಗು ಬಾಯಿಗೆ ಹಿಡಿದು ಕೆಳಗೆ ನೋಡಿದರು.

ಲೆಕ್ಕದವರು ಕೆಮ್ಮಿ, ಮೆಲ್ಲಗೆ ಹೇಳಿದರು. "ಮುಚ್ಚೂದಂದ್ರ ಇವತ್ತ ಮುಗೀತದ ಅಂತ ತಿಳದೀರೇನ್ರಿ? ಬಾಕಿ ವಸೂಲಿ ಆಗಬೇಕು, ಕೋರ್ಟಿನಾಗಿನ ತಂಟೆ ಮುಗೀಬೇಕು. ಅಲ್ಲೀತನಕಾ ವರ್ಷಾ ವರ್ಷಾ ಸಭಾ ಕರೀಬೇಕು, ಎಲ್ಲಾರಿಗೂ ಪತ್ರಾ ಹಾಕಬೇಕು. ಎಷ್ಟ ವರ್ಷ ಹಿಡೀತದೋ ಆ ದೇವರಿಗೇ ಗೊತ್ತು."

ನಾನು ವಾಪಸು ಬಂದು ಕುರ್ಚಿಯಲ್ಲಿ ಕುಳಿತೆ. ಅಧ್ಯಕ್ಷರು ಇನ್ನೂ ಅನುಮಾನದಿಂದಲೇ ನನ್ನ ಮುಖ ನೋಡುತ್ತ, "ಮುಚ್ಚೂದಕ್ಕ ಒಪ್ಪಿಗಿ ಇದ್ದವ್ರು ಕೈ ಎತ್ರಿ" ಎಂದರು.

ಎಲ್ಲರಿಗಿಂತ ಮೊದಲು ಎತ್ತಿದವನು ನಾನು.

"ಮಾಸ್ತರ," ಎಂದರು ಅಧ್ಯಕ್ಷರು, "ಒಂದಾ ಕೈ ಸಾಕ್ರಿ."