ಚಿಕ್ಕಮ್ಮನ ಚೀಲದಲ್ಲೊಂದು ಸೌಟು

ಹೆದರುವವರಿಗೆಂದು ಸರಕಾರ ಒಂದು ಪ್ರಶಸ್ತಿ ಇಟ್ಟರೆ ಅದನ್ನು ನನ್ನ ಚಿಕ್ಕಮ್ಮನಿಗೇ ಕೊಡಬೇಕು. ಕೊಟ್ಟರೂ ಅವರು ತೆಗೆದುಕೊಳ್ಳಲಿಕ್ಕಿಲ್ಲ. ವೇದಿಕೆ ಹತ್ತುವಾಗ ಮೆಟ್ಟಿಲು ಮುರಿದರೆ? ಹಾರ ಹಾಕುವಾಗ ಮೂಗುತಿಗೆ ಸಿಕ್ಕಿಕೊಂಡರೆ? ಅಪ್ಪಿತಪ್ಪಿ ಕೈಗೆ ಮೈಕು ಕೊಟ್ಟುಬಿಟ್ಟರೆ? ಇಂಥ ಹೆಂಗಸು ನಲವತ್ತು ದಾಟಿದ ಮೇಲೆ, ಗಂಡನಿಗೆ ಗೊತ್ತಾಗದಂತೆ, ಮೂಡುಬಿದಿರೆಗೆ ಬಂದು ಬಿ.ಎ.ಗೆ ಸೇರಿದರು ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಅವರು ಸೇರಿದ್ದು ನನ್ನದೇ ಕಾಲೇಜಿಗೆ, ಇದ್ದದ್ದು ನನ್ನದೇ ಬಾಡಿಗೆ ಕೋಣೆಯಲ್ಲಿ. ನಾನು ಎರಡನೆಯ ವರ್ಷ, ಅವರು ಮೊದಲನೆಯದು. "ನೀನು ನನ್ನ ಸೀನಿಯರ್ ಅಲ್ವಾ ಮಾರಾಯ್ತಿ, ರ‍್ಯಾಗಿಂಗ್ ಎಲ್ಲ ಮಾಡ್ಲಿಕ್ಕಿಲ್ಲ ತಾನೆ?" ಎಂದು ಬಂದ ದಿನವೇ ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ!

ಚಿಕ್ಕಮ್ಮನ ಮನೆ ಪೊಳಲಿಯ ಹತ್ತಿರ, ಚಿಕ್ಕಪ್ಪ ಇರುವುದು ಕುವೈತಿನಲ್ಲಿ. ಪಿಯುಸಿ ಮುಗಿದ ವರ್ಷವೇ ಮದುವೆ. ಮುಂದೆ ಓದಬಹುದಾ ಎಂದು ಚಿಕ್ಕಮ್ಮ ಕೇಳಿದಾಗ "ಓದಿದ್ದು ಸಾಕು" ಎಂದವರು ಅವರ ಅತ್ತೆ. ಪಕ್ಕದಲ್ಲೇ ನಿಂತಿದ್ದ ಚಿಕ್ಕಪ್ಪ ತುಟಿ ಬಿಚ್ಚಲಿಲ್ಲ. ಅವರ ಸ್ವಭಾವವೇ ಹಾಗೆ, ಮಾತನ್ನು ಬಂಗಾರದಂತೆ ತೂಗಿ ಕೊಡುವವರು. ಚಿಕ್ಕಮ್ಮ ಆ ಮೌನವನ್ನೇ ಅಪ್ಪಣೆ ಎಂದುಕೊಂಡರು. ಈಗ ಅತ್ತೆ ತೀರಿಹೋಗಿದ್ದಾರೆ, ಮಗಳ ಮದುವೆಯೂ ಆಗಿದೆ. ಆದರೂ ಗಂಡನನ್ನು ಕೇಳುವ ಧೈರ್ಯ ಬರಲಿಲ್ಲ.

"ಬೇಡ ಹೇಳಿದ್ರೆ ಮುಗೀತಲ್ಲ. ಅವರ ಮಾತು ಮೀರ್ಲಿಕ್ಕೆ ನನ್ನಿಂದಾಗುದಿಲ್ಲ. ಕೇಳದೇ ಇದ್ರೆ ಅವರಿಗೆ ಬೇಡ ಹೇಳ್ಲಿಕ್ಕೇ ಆಗುದಿಲ್ಲ, ಅಲ್ವಾ?"

ಹಾಗಾಗಿ ಕುವೈತಿಗೆ ಮುಟ್ಟಿದ ಸುದ್ದಿ ಬೇರೆಯೇ ಆಗಿತ್ತು: ಅಕ್ಕನ ಮಗಳಿಗೆ ಹಾಸ್ಟೆಲಿನ ಊಟ ಹಿಡಿಸುವುದಿಲ್ಲ, ಬೇಯಿಸಿ ಹಾಕಲು ಹೋಗಿದ್ದೇನೆ!

ಮೊದಲ ದಿನ ತರಗತಿಯ ಬಾಗಿಲಲ್ಲಿ ಸೀರೆ ಕಂಡದ್ದೇ ತಡ, ಮಕ್ಕಳೆಲ್ಲ ಧಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಚಿಕ್ಕಮ್ಮ ಹೆದರಿ ಹಿಂದೆ ತಿರುಗಿ ನೋಡಿದರು, ಯಾರೂ ಇಲ್ಲ. ಎಂತ ಮಾಡುವುದೆಂದು ತೋಚದೆ ತಾನೂ ಗುಡ್ ಮಾರ್ನಿಂಗ್ ಎಂದು ಅಲ್ಲೇ ನಿಂತರು. ಅಷ್ಟರಲ್ಲಿ ನಿಜವಾದ ಮೇಡಂ ಬಂದರು. ಇನ್ನೂ ಚಿಕ್ಕ ಪ್ರಾಯದವರು. ಚಿಕ್ಕಮ್ಮನನ್ನು ನೋಡಿದ್ದೇ "ಸಾರಿ ಮೇಡಂ, ನಿಮ್ಮ ಕ್ಲಾಸಾ?" ಎಂದು ಹೊರಟೇಹೋದರು. ಅವರನ್ನು ವರಾಂಡದುದ್ದಕ್ಕೂ ಅಟ್ಟಿಸಿಕೊಂಡು ಹೋಗಿ ಕರೆತಂದವರೂ ಚಿಕ್ಕಮ್ಮನೇ.

ಇದೆಲ್ಲ ಏನೂ ಅಲ್ಲ. ನಿಜವಾದ ಗಂಡಾಂತರ ಶುಕ್ರವಾರದ್ದು. ಕುವೈತಿನಲ್ಲಿ ಶುಕ್ರವಾರ ರಜೆ. ಚಿಕ್ಕಪ್ಪ ನಿಧಾನಕ್ಕೆ ಎದ್ದು ವಿಡಿಯೋ ಕಾಲ್ ಮಾಡುವಾಗ ನಮ್ಮಲ್ಲಿ ಮಧ್ಯಾಹ್ನದ ಬಿಡುವು. ಗುರುವಾರ ಸಂಜೆಯಿಂದಲೇ ಚಿಕ್ಕಮ್ಮನ ತಯಾರಿ ಶುರು. ಅವರ ಕಾಲೇಜು ಚೀಲದಲ್ಲಿ ಇತಿಹಾಸದ ಪುಸ್ತಕದ ಪಕ್ಕ ಒಂದು ಸೌಟು ಸದಾ ಸಿದ್ಧ! ಫೋನು ಬಡಿದುಕೊಂಡರೆ ಗುರುತಿನ ಚೀಟಿ ಸೆರಗಿನೊಳಗೆ, ಸೌಟು ಹೊರಗೆ, ಒಂದೇ ಓಟಕ್ಕೆ ಕ್ಯಾಂಟೀನಿನ ಅಡುಗೆಮನೆ. ಅಲ್ಲಿನವರಿಗೂ ಅಭ್ಯಾಸವಾಗಿ, "ಅಕ್ಕ, ಇವತ್ತು ಸಾರಿನ ಹತ್ತಿರ ನಿಲ್ತೀರಾ, ಪಲ್ಯದ ಹತ್ತಿರವಾ?" ಎಂದು ಕೇಳತೊಡಗಿದ್ದರು.

ಒಮ್ಮೆ ಚಿಕ್ಕಪ್ಪ ಆ ಹಂಡೆಯಂಥ ಪಾತ್ರೆಯನ್ನು ನೋಡಿ ಗಾಬರಿಯಾದರು. "ಇದೆಂತ, ಇಬ್ಬರಿಗೆ ಇಷ್ಟು ಸಾರಾ?"

"ಹುಡುಗಿ ಸ್ವಲ್ಪ ಜಾಸ್ತಿ ಉಣ್ತಾಳೆ" ಎಂದುಬಿಟ್ಟರು ಚಿಕ್ಕಮ್ಮ!

ಅಂದಿನಿಂದ ಚಿಕ್ಕಪ್ಪ ನನ್ನ ಅಮ್ಮನಿಗೆ ಫೋನ್ ಮಾಡಿದಾಗಲೆಲ್ಲ ಹುಡುಗಿಯನ್ನು ಡಾಕ್ಟರರಿಗೆ ತೋರಿಸುವುದು ಒಳ್ಳೆಯದು ಎನ್ನುತ್ತಿದ್ದರು.

ಆದರೂ ಮೂಡುಬಿದಿರೆಯನ್ನು ಚಿಕ್ಕಮ್ಮನಷ್ಟು ಸವಿದವರನ್ನು ನಾನು ಕಂಡಿಲ್ಲ. ಸಂಜೆಯಾದರೆ ಒಂದು ಕಡೆ ಯಕ್ಷಗಾನದ ಚೆಂಡೆ, ಇನ್ನೊಂದು ಕಡೆ ಹುಡುಗರ ಗಿಟಾರು, ಮತ್ತೊಂದು ಕಡೆ ಮಣಿಪುರದಿಂದ ಬಂದ ಮಕ್ಕಳ ನೃತ್ಯ. ಚಿಕ್ಕಮ್ಮನಿಗೆ ಎಲ್ಲವೂ ಬೇಕು. ಪರಿಚಯದವರು ಕಂಡರೆ ಎಂಬ ದಿಗಿಲಿಗೆ ಕಣ್ಣಷ್ಟೇ ಬಿಟ್ಟು ಶಾಲು ಸುತ್ತಿಕೊಂಡು ಕಂಬದ ಹಿಂದೆ ಕೂರುವುದು. ಆಮೇಲೆ ಸಹಪಾಠಿಗಳ ಜೊತೆ ಗೋಳಿಬಜೆ ತಿನ್ನುವುದು, ಅದೂ ಶಾಲಿನೊಳಗಿಂದಲೇ. "ಯಾರಾದ್ರೂ ನೋಡಿದ್ರಾ?" ಎಂದು ಪ್ರತಿ ತುತ್ತಿಗೂ ಕೇಳುವುದು. ಅಷ್ಟು ಹೆದರುತ್ತ ಅಷ್ಟು ಖುಷಿಪಡಲು ಅವರಿಗೆ ಹೇಗೆ ಸಾಧ್ಯವಾಗುತ್ತಿತ್ತೋ ದೇವರೇ ಬಲ್ಲ.

ಕಾಲೇಜು ದಿನಾಚರಣೆಗೆ ಹುಡುಗಿಯರ ಡೊಳ್ಳು ಕುಣಿತ. ತಂಡದ ಒಬ್ಬಳಿಗೆ ಜ್ವರ ಬಂತು. ದಿನವೂ ಅಭ್ಯಾಸ ನೋಡಲು ಹೋಗಿ ಕೂರುತ್ತಿದ್ದ ಚಿಕ್ಕಮ್ಮನಿಗೆ ಪೆಟ್ಟುಗಳೆಲ್ಲ ಬಾಯಿಪಾಠ. "ಆಂಟೀ, ನೀವೇ ಬನ್ನಿ" ಎಂದು ಹುಡುಗಿಯರು ದುಂಬಾಲು ಬಿದ್ದರು. ಹಗ್ಗ ತುಂಡಾದರೆ, ಡೊಳ್ಳು ಉರುಳಿದರೆ, ಸೊಂಟ ಹಿಡಿದರೆ ಎಂದೆಲ್ಲ ಹೇಳುತ್ತಲೇ ಕಟ್ಟಿಸಿಕೊಂಡರು. ವೇದಿಕೆಯ ಮೇಲೆ ಮೊದಲ ಪೆಟ್ಟು ಬಿದ್ದ ಮೇಲೆ ಮಾತ್ರ ನಾನು ನೋಡಿದ ಮುಖವೇ ಬೇರೆ. ಹುಬ್ಬಿನ ನಡುವೆ ಸದಾ ಇರುತ್ತಿದ್ದ ಆ ಹೆದರಿಕೆಯ ಗಂಟು ಎಲ್ಲಿ ಹೋಯಿತು? ನಾನು ಗಂಟಲು ಹರಿಯುವಷ್ಟು ಕೂಗಿದೆ.

ಯಾರೋ ಪುಣ್ಯಾತ್ಮರು ಅದರ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದರು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ನಮಗಾದರೆ ಬಸ್ಸು ಕಾಯಬೇಕು, ವಿಡಿಯೋಗೆ ಎಂಥ ಬಸ್ಸು! ಸಂಜೆಯೊಳಗೆ ಬೆಳ್ತಂಗಡಿಯಲ್ಲಿರುವ ಚಿಕ್ಕಪ್ಪನ ತಂಗಿ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, "ಇದು ನಮ್ಮ ಅತ್ತಿಗೆ ಅಲ್ವಾ? ಕಾಲೇಜಿಗೆ ಹೋಗ್ತಿದ್ದಾರಂತೆ!" ಎಂದು ಬರೆದಿದ್ದರು. ಚಿಕ್ಕಪ್ಪ ನೋಡಿದ್ದಕ್ಕೆ ನೀಲಿ ಗೆರೆ ಬಂದಿದೆ ಎಂದೂ ಅವರೇ ತಿಳಿಸಿದರು. ಉತ್ತರ ಬರಲಿಲ್ಲ.

ಬೆಳಗಾದರೆ ಶುಕ್ರವಾರ. ಚಿಕ್ಕಮ್ಮ ಕಾಲೇಜಿಗೆ ಹೊರಡಲಿಲ್ಲ. ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ತುಂಬಿದರು, ಪುಸ್ತಕಗಳನ್ನು ನನ್ನ ಮಂಚದ ಮೇಲಿಟ್ಟರು. "ಯಾರಾದ್ರೂ ಜೂನಿಯರ್ ಮಕ್ಕಳಿಗೆ ಕೊಡು. ಗೆರೆ ಎಳೆದದ್ದು ಪೆನ್ಸಿಲಿನಲ್ಲೇ ಉಂಟು, ಅಳಿಸಿದ್ರೆ ಹೋಗ್ತದೆ" ಎಂದರು. ನನಗೆ ಅಳು ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಚಿಕ್ಕಪ್ಪನ ಕಣ್ಣು ಮೊದಲು ಬ್ಯಾಗಿನ ಮೇಲೆ ಬಿತ್ತು. "ಹಿಂದೆ ಅದೆಂತ ಬ್ಯಾಗ್?"

"ಮನೆಗೆ ಹೋಗ್ತೇನೆ. ನೀವು ಬೈಯುವ ಮೊದಲೇ..."

"ನಾನು ನಿನಗೆ ಯಾವತ್ತು ಬೈದಿದ್ದೇನೆ?"

ಚಿಕ್ಕಮ್ಮ ತಲೆ ತಗ್ಗಿಸಿದರು. ಆಮೇಲೆ ಧೈರ್ಯ ಅದೆಲ್ಲಿಂದ ಬಂತೋ, "ಬೈಯಲಿಲ್ಲ. ಏನೂ ಹೇಳಲೂ ಇಲ್ಲ. ಅವತ್ತು ನಿಮ್ಮ ಅಮ್ಮ ಓದಿದ್ದು ಸಾಕು ಹೇಳುವಾಗ ಸಹ ನೀವು ಏನೂ ಹೇಳಲಿಲ್ಲ" ಎಂದರು.

ಫೋನಿನ ಪರದೆಯಲ್ಲಿ ಚಿಕ್ಕಪ್ಪನ ಮುಖ ಹೋಗಿ ಚಾವಣಿಯ ಫ್ಯಾನು ತಿರುಗುವುದು ಕಾಣಿಸಿತು. ದನಿ ಮಾತ್ರ ಬಂತು.

"ಅವತ್ತು ನನಗೂ ಹೆದರಿಕೆಯೇ ಮಾರಾಯ್ತಿ, ಅಮ್ಮನದ್ದು. ನಿನಗೆ ನನ್ನ ಹೆದರಿಕೆ ಇತ್ತು ಅಂತ ಗೊತ್ತಿರ್ಲಿಲ್ಲ. ಇಷ್ಟು ವರ್ಷವೂ ಇತ್ತಾ?"

ಚಿಕ್ಕಮ್ಮ ಸೆರಗಿನಿಂದ ಒರೆಸಿಕೊಂಡಷ್ಟೂ ಕಣ್ಣೀರು ಸುರಿಯುತ್ತಿತ್ತು.

"ಪರೀಕ್ಷೆ ಯಾವಾಗ?" ಎಂದಿತು ಫ್ಯಾನು.

"ಸೋಮವಾರ."

"ಹಾಗಾದ್ರೆ ಫೋನಿಡು. ಕೂತು ಓದು."

ನಾನು ಮಂಚದ ಮೇಲಿನ ಪುಸ್ತಕಗಳನ್ನು ಎತ್ತಿ ಅವರ ಮುಂದೆ ತಂದಿಟ್ಟೆ. ಚಿಕ್ಕಮ್ಮ ಅವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಂಡನಿಗೆ ತಮ್ಮ ಜೀವಮಾನದ ಮೊದಲ ಅಪ್ಪಣೆ ಕೊಟ್ಟರು.

"ಓದು ನಾಳೆ ಆಗ್ತದೆ. ಇವತ್ತು ಮುಖ ತೋರಿಸಿ, ನೀವು ಮಾತಾಡಿ."